ಬೂದೆಮ್ಮ ಕೂಗಿದರೆ ಓ ಅನ್ನಬೇಕು

ಬೂದೆಮ್ಮ ಬಾಗಿಲಿಗೆ ಬಂದು ಕೂಗಿದಳೆಂದರೆ ಒಳಗಿನಿಂದ ಯಾರಾದರೊಬ್ಬರು ಓ ಅನ್ನಲೇಬೇಕು. ಅನ್ನದಿದ್ದರೆ ಆಕೆ ಮುಂದಿನ ಬಾಗಿಲಿಗೆ ಹೋಗುವವಳಲ್ಲ. ನೀವು ರೊಟ್ಟಿ ಬಡಿಯುತ್ತಿರಿ, ತಲೆಗೆ ಎರೆದುಕೊಳ್ಳುತ್ತಿರಿ, ಗಂಡನ ಜೊತೆ ಜಗಳಾಡಿ ಮುಖ ಊದಿಸಿಕೊಂಡು ಕೂತಿರಿ, ಆಕೆಗೆ ಅದೆಲ್ಲ ಬೇಕಿಲ್ಲ. ಒಂದು ಓ ಬೇಕು. ಒಮ್ಮೆ ಮೂಲೆ ಮನೆಯ ದುರುಗಮ್ಮ ಹಟಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ, ಬೂದೆಮ್ಮ ತಾನೇ ಚಿಲಕ ತೆಗೆದು ಒಳಗೆ ಬಂದು, ಆಕೆಯ ಎದುರಿಗೆ ಚಕ್ಕಂಬಕ್ಕಲು ಹಾಕಿ ಕೂತು, "ಅನ್ನು ಯವ್ವಾ, ನೀ ಅಂದ ಮ್ಯಾಲೆ ಏಳ್ತೀನಿ" ಅಂದಿದ್ದಳಂತೆ. ಅಷ್ಟು ಹೊತ್ತೂ ಹಳಿಯ ಹತ್ತಿರ ಕೆಂಪು ಬಾವುಟ ಹಿಡಿದವರು, ಮದ್ದಿಗೆ ಬೆಂಕಿ ಕೊಡುವವನು, ಮೇಸ್ತ್ರಿ, ಎಲ್ಲರೂ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ರಾಯಚೂರಿನಲ್ಲಿ ಒಂದೇ ಹಳಿಯಿದ್ದ ಕಡೆ ಎರಡನೆಯದನ್ನು ಹಾಕುವ ಕೆಲಸ ನಡೆದಿತ್ತು. ಹಳಿಯ ಮಗ್ಗುಲಿಗೆ ಅಂಟಿಕೊಂಡಂತೆ ಗುಂಡಿನ ಓಣಿ. ಓಣಿಯ ಬೆನ್ನಿಗೆ, ಮಲಗಿದ ಎಮ್ಮೆಯ ಹಾಗೆ, ಒಂದು ದೊಡ್ಡ ಕಲ್ಲುಗುಂಡು. ಓಣಿಯ ಹೆಂಗಸರು ಬೇಸಿಗೆಯಲ್ಲಿ ಅದರ ಮೇಲೆ ಸಂಡಿಗೆ ಹಾಕುತ್ತಿದ್ದರು, ಮೆಣಸಿನಕಾಯಿ ಹರವುತ್ತಿದ್ದರು. ಹೊಸ ಹಳಿ ಸರಿಯಾಗಿ ಆ ಗುಂಡಿನ ನಡುವಿನ ಮೇಲೆಯೇ ಹಾದುಹೋಗಬೇಕಿತ್ತು. ಹಾಗಾಗಿ ಕಲ್ಲಿಗೆ ತೂತು ಕೊರೆದು, ಮದ್ದು ತುಂಬಿ, ದಿನಕ್ಕಿಷ್ಟು ಅಂತ ಸಿಡಿಸುತ್ತಿದ್ದರು. ಓಣಿಯವರು ಅದಕ್ಕೆ ಬಾರು ಅನ್ನುತ್ತಿದ್ದರು. ಇವತ್ತು ಬಾರು ಹಾರತಾವೇನು ಅಂತ ಕೇಳುವುದು, ಇವತ್ತು ಏನು ಸಾರು ಅಂತ ಕೇಳಿದಷ್ಟೇ ಸಹಜವಾಗಿ ಹೋಗಿತ್ತು.

ಕನಕಮ್ಮನಿಗೆ ಮಾತ್ರ ಅದು ಸಹಜವಾಗಲಿಲ್ಲ. ಆಕೆ ಹೈದರಾಬಾದಿನಲ್ಲಿ ಹುಟ್ಟಿ ಅಲ್ಲೇ ಓದಿದವಳು. ಗಂಡ ಮೌನಪ್ಪ ಮಾನ್ವಿಯ ಶಾಲೆಯಲ್ಲಿ ಮಾಸ್ತರು. ಸೋಮವಾರ ನಸುಕಿನ ಬಸ್ಸಿಗೆ ಹೋದರೆ ಶನಿವಾರ ಸಂಜೆ ಬರುವವನು. ಮನೆಯಲ್ಲಿ ಅತ್ತೆ ಗೋಪಮ್ಮ, ಕನಕಮ್ಮ, ಮತ್ತು ತವರಿನಲ್ಲಿ ಹುಟ್ಟಿ ಈಚೆಗಷ್ಟೆ ಅಜ್ಜಿಯ ಮನೆ ಕಂಡ ನಾಲ್ಕು ತಿಂಗಳ ಗಂಡುಕೂಸು. ಕೂಸಿಗೆ ತೀರಿಕೊಂಡ ಅಜ್ಜನ ಹೆಸರಿಟ್ಟಿದ್ದರು, ದೊಡ್ಡಪ್ಪ ಅಂತ. ಅಂಗೈಯಗಲದ ಮುಖಕ್ಕೆ ಆ ಹೆಸರು ಅಜ್ಜನ ಅಂಗಿ ತೊಡಿಸಿದಂತೆ ಕಾಣುತ್ತಿತ್ತು. ಅದರ ಮೇಲೆ, ಗಂಡನ ಹೆಸರು ಹೇಳಬಾರದೆಂದು ಗೋಪಮ್ಮ ಮೊಮ್ಮಗನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. "ನಮ್ಮ ಮನಿಯವ್ರು ಉಚ್ಚಿ ಹೊಯ್ಕೊಂಡಾರ ನೋಡು" ಅನ್ನುವಳು. ಹೊಸಬರು ಕೇಳಿದರೆ ಗಾಬರಿಯಾಗಬೇಕು.

ಕನಕಮ್ಮ ತವರಿನಿಂದ ಬರುವಷ್ಟರಲ್ಲಿ ಬೂದೆಮ್ಮ ಓಣಿಯ ಹೆಸರುವಾಸಿ ಹೆಂಗಸಾಗಿದ್ದಳು. ಆ ಕಥೆಯನ್ನು ಗೋಪಮ್ಮ ಸೊಸೆಗೆ ಎಷ್ಟು ಸಲ ಹೇಳಿದಳೋ.

ಮೊದಲ ಬಾರು ಹಾರಿಸುವ ದಿನ ಮೇಸ್ತ್ರಿ ಅಲ್ಲಾಉದ್ದೀನನಿಗೆ ಒಂದು ಚಿಂತೆ. ಆತ ಗುಂತಕಲ್ಲಿನ ಕಡೆಯವನು, ತೆಲುಗು ಉರ್ದು ಕಲಸಿ ಮಾತಾಡುವವನು, ಒಳ್ಳೆಯ ಮನುಷ್ಯ. ಓಣಿಯವರಿಗೆ ಮೊದಲೇ ತಿಳಿಸದೆ ಮದ್ದು ಹಚ್ಚಬಾರದು ಅಂತ ಮೇಲಿನವರ ಹುಕುಂ. ಏನು ಮಾಡಬೇಕೆಂದು ಯೋಚಿಸಿ, ದೂರದ ತನಕ ಕೇಳಿಸಲಿ ಅಂತ ಇಬ್ಬರು ಡೊಳ್ಳಿನವರನ್ನು ಕರೆಸಿದ. ಡೊಳ್ಳಿನ ಸದ್ದಿಗೆ ಜನ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಅಂತ ಆತನ ಲೆಕ್ಕ. ಆದರೆ ಈ ಸೀಮೆಯಲ್ಲಿ ಡೊಳ್ಳು ಬಡಿದರೆ ಬೀರಪ್ಪನ ಪಲ್ಲಕ್ಕಿ ಬಂತು ಅಂತಲೇ ಅರ್ಥ. ಡೊಳ್ಳು ಗುಡುಗಿದ್ದೇ ತಡ, ಇದ್ದಬದ್ದ ಬಾಗಿಲೆಲ್ಲ ತೆರೆದವು. ಹೆಂಗಸರು ದೇವರ ಕಾಲಿಗೆ ಹಾಕಲು ತುಂಬಿದ ಕೊಡ ಹಿಡಿದು, ಆರತಿ ತಟ್ಟೆ ಹಿಡಿದು, ಮುದುಕರು ಪಟಗ ಸುತ್ತಿಕೊಳ್ಳುತ್ತ, ಡೊಳ್ಳು ಎಲ್ಲಿದೆಯೋ ಅಲ್ಲಿಗೆ, ಅಂದರೆ ಮದ್ದು ತುಂಬಿದ ಗುಂಡಿನ ಕಡೆಗೇ ಓಡಿದರು. ಅಲ್ಲಾಉದ್ದೀನ್ ಎರಡೂ ಕೈ ಎತ್ತಿ ಹೋಗ್ರಿ ಹೋಗ್ರಿ ಅಂತ ಬೀಸಿದ. ಮೇಸ್ತ್ರಿ ಮೈಮೇಲೆ ದೇವರು ಬಂದು ಕುಣಿಯುತ್ತಿದ್ದಾನೆ ಅಂದುಕೊಂಡು ನಾಲ್ಕು ಜನ ಕೈ ಮುಗಿದರು.

ಆಗ ಮಣ್ಣು ಹೊರುವ ಹೆಂಗಸರ ಸಾಲಿನಿಂದ ಒಬ್ಬಾಕೆ ಬುಟ್ಟಿ ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಕೂಗು ಹಾಕಿದಳು. ಬೆಳೆಗೆ ನುಗ್ಗುವ ಕುರಿಹಿಂಡನ್ನು ದೂರದಿಂದಲೇ ತಿರುಗಿಸುವ ಕೂಗು. ಉದ್ದಕ್ಕೆ ಎಳೆದು, ಕೊನೆಗೆ ನಾಲಿಗೆ ಮಡಚಿ ಕತ್ತರಿಸುವಂಥದ್ದು. ಆರತಿ ತಟ್ಟೆಗಳೆಲ್ಲ ಗಕ್ಕನೆ ನಿಂತವು. ಮತ್ತೊಂದು ಕೂಗಿಗೆ ಇಡೀ ಓಣಿ ಹೊರಳಿ, ಬಂದ ದಾರಿಯಲ್ಲೇ ಒಳಗೆ ಹೋಯಿತು. "ನಾನೂ ಹೊಳ್ಳಿದೆ" ಅನ್ನುತ್ತಿದ್ದಳು ಗೋಪಮ್ಮ. "ಯಾಕ ಹೊಳ್ಳಿದೆ ಅಂತ ಮನ್ಯಾಗ ಬಂದು ನಿಂತ ಮ್ಯಾಲೆ ವಿಚಾರ ಮಾಡಿದೆ."

ಅವತ್ತೇ ಅಲ್ಲಾಉದ್ದೀನ್ ಆಕೆಯ ತಲೆಯ ಮೇಲಿನ ಮಣ್ಣಿನ ಬುಟ್ಟಿ ಇಳಿಸಿ, ಓಣಿಯನ್ನು ಆಕೆಗೆ ಒಪ್ಪಿಸಿದ.

ಬೂದೆಮ್ಮ ದೇವದುರ್ಗ ತಾಲೂಕಿನ ಮಸರಕಲ್ಲಿನವಳು. ಕುರಿ ಕಾಯುವ ಮನೆತನ. ಹುಡುಗಿಯಾಗಿದ್ದಾಗ ವರ್ಷದ ಅರ್ಧ ಹಿಂಡಿನ ಹಿಂದೆ, ಹೊಲದಲ್ಲೇ ಕಂಬಳಿ ಹಾಸಿ ಮಲಗಿ ಬೆಳೆದವಳು. ಹಿಂಡು ಅಣ್ಣತಮ್ಮಂದಿರ ಪಾಲಾಯಿತು, ಈಕೆ ಪರಮಣ್ಣನ ಪಾಲಾದಳು. ಹಾಗಂತ ತಾನೇ ಹೇಳಿ ನಗುತ್ತಿದ್ದಳು. ಪರಮಣ್ಣ ಮಣ್ಣಿನ ಕೆಲಸದವನು. ಕೆಲಸ ಎಲ್ಲಿಗೆ ಹೋದರೆ ಅಲ್ಲಿಗೆ ಗುಡಿಸಲು. ಈಗ ಹಳಿಯ ಆಚೆ ದಂಡೆಗೆ ಅವರ ಗುಡಿಸಲು. ಹಿಂಡು ಬಿಟ್ಟು ಬಂದರೂ ಆಕೆ ಉಣ್ಣೆ ಬಿಟ್ಟಿರಲಿಲ್ಲ. ಸೊಂಟದಲ್ಲಿ ಯಾವಾಗಲೂ ಒಂದು ಹಿಡಿ ಕರಿ ಉಣ್ಣೆ, ಕೈಯಲ್ಲಿ ತಕಲಿ. ಓಣಿಯಲ್ಲಿ ನಡೆಯುತ್ತ ನಡೆಯುತ್ತ ನೂಲು ತೆಗೆಯುವಳು.

ಕೂಗುವುದಕ್ಕೆ ಆಕೆ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಪ್ರತಿ ಬಾಗಿಲಲ್ಲೂ ಆ ಮನೆಯ ಅತಿ ಚಿಕ್ಕ ಜೀವದ ಹೆಸರು ಹಿಡಿದು ಕರೆಯುವಳು. ಮರಿಯನ್ನು ಕರೆದರೆ ತಾಯಿ ತಾನೇ ಬರುತ್ತದೆ ಅನ್ನುವುದು ಆಕೆಯ ನಂಬಿಕೆ. ಚಿಕ್ಕವರಿಲ್ಲದ ಮನೆಯಲ್ಲಿ ಕೋಳಿಯ ಹೆಸರಾದರೂ ಸರಿ. ಎಲ್ಲ ಮನೆಗಳಿಂದ ಓ ಬಂದ ಮೇಲೆ, ಮಣ್ಣಿನ ದಿಬ್ಬ ಹತ್ತಿ, ಹಿಂಡು ತಿರುಗಿಸುವ ಆ ಕೂಗನ್ನು ಒಮ್ಮೆ ಹಾಕಿ ಬಿಳಿ ಬಟ್ಟೆ ಬೀಸುವಳು. ಅದು ಕಡೆಯ ಕೂಗು. ಆಮೇಲೆಯೇ ಮದ್ದಿಗೆ ಬೆಂಕಿ.

ಬರೀ ಕೂಗಿ ಹೋಗುವುದಷ್ಟೇ ಆಗಿದ್ದರೆ ಯಾರೂ ಆಕೆಯನ್ನು ಅಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಗಡಿಯಾರ ರಿಪೇರಿಯ ಹುಸೇನಪೀರನ ತೊಂದರೆ ಬೇರೆಯೇ. ಬಾರು ಹಾರಿದಾಗಲೆಲ್ಲ ಆತನ ಮೇಜಿನ ಮೇಲಿನ ಸಾಸಿವೆಯಂಥ ತಿರುಪುಗಳು ನೆಗೆದು ನೆಲಕ್ಕೆ ಬೀಳುತ್ತಿದ್ದವು, ಆತ ಅರ್ಧ ದಿನ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೆಲ ತಡಕುತ್ತಿದ್ದ. ಬೂದೆಮ್ಮ ಆತನಿಗೆ ಹಳೆಯ ಕಂಬಳಿಯ ಒಂದು ತುಂಡು ಕೊಟ್ಟು ಮೇಜಿಗೆ ಹಾಸಿಕೋ ಅಂದಳು. ತಿರುಪುಗಳು ನೆಗೆಯುವುದು ಬಿಟ್ಟವು. ದುರುಗಮ್ಮನ ಕೋಳಿ ಕಾವಿಗೆ ಕೂತಿತ್ತು, ಸಿಡಿತಕ್ಕೆ ತತ್ತಿಯೆಲ್ಲ ಕೆಟ್ಟುಹೋಗುತ್ತವೆ ಅಂತ ಆಕೆ ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತಿದ್ದಳು. ಬೂದೆಮ್ಮ ಬುಟ್ಟಿಗೆ ಉಣ್ಣೆ ಹಾಸಿ, ಕೋಳಿ ಸಮೇತ ಎತ್ತಿಕೊಂಡು ಹೋಗಿ ತನ್ನ ಗುಡಿಸಲಲ್ಲಿ ಇಟ್ಟುಕೊಂಡಳು. ಮರಿಗಳಾದ ಮೇಲೆ ತಂದುಕೊಟ್ಟಳು. ದುರುಗಮ್ಮ ಅವನ್ನು ಎರಡೆರಡು ಸಲ ಎಣಿಸಿದಳು, ಬೂದೆಮ್ಮ ಬೇಸರ ಮಾಡಿಕೊಳ್ಳಲಿಲ್ಲ.

ಗೋಪಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಆಕೆ ದಿನಾ ಚಹಾ ಕುಡಿಯುತ್ತಿದ್ದಳು. ಕುರುಬರಾಕೆಯಾಗಿದ್ದೂ ಆ ಮನೆಯ ಕಪ್ಪಿಗೆ ಬಾಯಿ ಹಚ್ಚುತ್ತಾಳೆ ಅಂತ ಮೇಲಿನ ಓಣಿಯಲ್ಲಿ ಒಬ್ಬಿಬ್ಬರು ಆಡಿಕೊಂಡದ್ದು ಬೂದೆಮ್ಮನ ಕಿವಿಗೂ ಬಿತ್ತು. ಮರುದಿನ ಆಕೆ ಎರಡು ಕಪ್ಪು ಕುಡಿದಳು.

ಕೂಸಿನ ಸಂಗತಿ ಶುರುವಾದದ್ದು ಒಂದು ಹೊಗಳಿಕೆಯಿಂದ. ದುರುಗಮ್ಮ ಬಂದವಳು, ಬಾರು ಹಾರಿದರೂ ರೆಪ್ಪೆ ಅಲುಗಿಸದೆ ಅಜ್ಜಿಯ ತೊಡೆಯ ಮೇಲೆ ಮಲಗಿದ್ದ ಕೂಸನ್ನು ನೋಡಿ, ಎಂಥ ಗಟ್ಟಿ ಗುಂಡಿಗೆ ಇದರದು, ಹುಲಿ ಹುಟ್ಟಿದೆ ನಿಮ್ಮ ಮನೆಯಲ್ಲಿ ಅಂದಳು. ಗೋಪಮ್ಮ ದೃಷ್ಟಿ ತೆಗೆದಳು. ಕನಕಮ್ಮ ಮಾತ್ರ ಕೂಸಿನ ರೆಪ್ಪೆಯನ್ನೇ ನೋಡುತ್ತ ನಿಂತಳು. ಹೌದಲ್ಲ. ಬೆಚ್ಚುವುದೇ ಇಲ್ಲವಲ್ಲ.

ಆಕೆ ಓದಿದ ಶಾಲೆಯ ಬೀದಿಯಲ್ಲೇ ಕಿವಿ ಕೇಳದ ಮಕ್ಕಳ ಶಾಲೆಯಿತ್ತು. ಗೇಟಿನಲ್ಲಿ ಆ ಮಕ್ಕಳು ಕೈಬೆರಳಿನಲ್ಲಿ ಮಾತಾಡುತ್ತ ನಗುತ್ತಿದ್ದುದನ್ನು ಆಕೆ ಎಷ್ಟೋ ದಿನ ನಿಂತು ನೋಡಿದ್ದಳು. ಆಗ ಅವರ ನಗು ಕಂಡಿತ್ತು. ಈಗ ಆ ಗೇಟಿನ ಹೊರಗೆ ನಿಂತು ಕಾಯುತ್ತಿದ್ದ ತಾಯಂದಿರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು.

ಅಂದಿನಿಂದ ಹಗಲೆಲ್ಲ ಆಕೆಗೆ ಪರೀಕ್ಷೆ ಮಾಡುವುದೇ ಕೆಲಸವಾಯಿತು. ಕೂಸಿನ ಬೆನ್ನ ಹಿಂದೆ ನಿಂತು ಗಿಲಕಿ ಅಲ್ಲಾಡಿಸುವಳು. ತಿರುಗಲಿಲ್ಲ. ಚಪ್ಪಾಳೆ ತಟ್ಟುವಳು. ಕೂಸು ಮೇಲಿನ ತೊಲೆ ನೋಡುತ್ತ ಕಾಲು ಬಡಿಯುವುದು. ಒಮ್ಮೆ ಬೇಕಂತಲೇ ಸ್ಟೀಲಿನ ತಟ್ಟೆ ಬೀಳಿಸಿದಳು. ಒಳಗಿನಿಂದ ಗೋಪಮ್ಮ ಬೆಚ್ಚಿ, "ಏನ್ ಒಡೀತದು?" ಅಂತ ಓಡಿ ಬಂದಳು. ಕೂಸು ಆಕಳಿಸಿತು. ಸಂಜೆ ಒಲೆಯ ಮುಂದೆ ಕೂತಾಗ ಅಂಗಳದಲ್ಲಿ ಅಜ್ಜಿ ಮಾತಾಡಿಸುವುದು, ಅದಕ್ಕೆ ಅವನು ಊಂ ಊಂ ಅನ್ನುವುದು ಕೇಳಿ ಜೀವ ಬರುತ್ತಿತ್ತು. ಮರುಗಳಿಗೆಯಲ್ಲಿ, ಅಜ್ಜಿಯ ಬಾಯಿ ಆಡುವುದನ್ನು ನೋಡಿ ಹಾಗೆ ಮಾಡುತ್ತಿರಬಹುದಲ್ಲ ಅನ್ನಿಸಿ ಬಂದ ಜೀವ ಹೋಗಿಯೇ ಬಿಡುತ್ತಿತ್ತು. ಹುಟ್ಟಿದಾಗಿನಿಂದ ಹೀಗೋ, ಈ ಸಿಡಿತಕ್ಕೆ ಹೀಗಾಯಿತೋ. ತವರಿನಿಂದ ಇನ್ನೂ ನಾಲ್ಕು ದಿನ ಬಿಟ್ಟು ಬಂದಿದ್ದರೆ ಆಗುತ್ತಿರಲಿಲ್ಲವೋ.

ಅತ್ತೆಗೆ ಹೇಳುವಂತಿರಲಿಲ್ಲ. ಬಾಯಿಬಿಟ್ಟು ಅಂದರೆ ಅದು ನಿಜವಾಗಿಬಿಡುತ್ತದೆ ಅನ್ನುವ ಭಯ. ಅಲ್ಲದೆ ಬಂದ ಹೊಸತರಲ್ಲಿ ಇಬ್ಬರಿಗೂ ಕೂಸಿನ ಕಿವಿಯ ವಿಷಯಕ್ಕೇ ಒಂದು ಜಟಾಪಟಿ ಆಗಿತ್ತು. ಗೋಪಮ್ಮ ಎರೆದ ಮೇಲೆ ಕೂಸಿನ ಕಿವಿಗೆ ಎಣ್ಣೆ ಹಿಂಡಿ ಅರಳೆ ತುರುಕಲು ಹೋದಾಗ ಕನಕಮ್ಮ ಕೈ ಹಿಡಿದಿದ್ದಳು. ಕಿವಿಯಲ್ಲಿ ಏನೂ ಹಾಕಬಾರದು, ಮಕ್ಕಳ ಆರೈಕೆಯ ಪುಸ್ತಕದಲ್ಲೇ ಇದೆ ಅಂದಿದ್ದಳು. ಗೋಪಮ್ಮ ಆಗಲಿ ಅಂದಿದ್ದಳು. ಅದಕ್ಕೆ ಬದಲಾಗಿ, ಚಳಿಗಾಲ ಮುಗಿಯುವ ತನಕ ಹಗಲು ಕುಲಾವಿ ಬಿಚ್ಚಬಾರದು, ಗಾಳಿ ಹೊಕ್ಕೀತು ಅಂದಳು. ಗಾಳಿಯ ಮಾತು ಬಂದರೆ ಕನಕಮ್ಮನಿಗೂ ಭಯವೇ. ಒಪ್ಪಿಕೊಂಡಳು. ಎರೆಯುವುದು, ಕುಲಾವಿ ಕಟ್ಟುವುದು, ಸಂಜೆ ಬಿಚ್ಚುವುದು ಅತ್ತೆಯ ಪಾಲಿಗೆ ಬಂತು. ಬೂದೆಮ್ಮ ಕೂಗಿದ ಕೂಡಲೇ ಕೂಸನ್ನು ಎತ್ತಿಕೊಳ್ಳುವುದೂ ಅತ್ತೆಯೇ. ಹೆದರಿದ ತಾಯಿಯ ಮೊಲೆಗೆ ಕೂಸು ಹತ್ತಿರ ಇರಬಾರದು, ಹಾಲು ಕೆಡುತ್ತದೆ ಅಂತ ಸೊಸೆಯನ್ನು ಆಚೆ ಕೋಣೆಗೆ ಕಳಿಸುವಳು. ಕನಕಮ್ಮ ಅಲ್ಲಿ ಕಣ್ಣು ಮುಚ್ಚಿ, ಕಿವಿಗೆ ಬೆರಳಿಟ್ಟು, ಗೋಡೆಗೆ ಹಣೆ ಹಚ್ಚಿ ನಿಲ್ಲುವಳು. ಸಿಡಿದ ಮೇಲೆ ಓಡಿ ಬಂದರೆ ಕೂಸು ಸುಖವಾಗಿ ಮಲಗಿರುತ್ತಿತ್ತು. ಆ ಸುಖವೇ ಆಕೆಯನ್ನು ತಿನ್ನುತ್ತಿತ್ತು.

ಶನಿವಾರ ಮೌನಪ್ಪ ಬಂದಾಗ ಸುತ್ತಿ ಬಳಸಿ ಹೇಳಿ ನೋಡಿದಳು. ಆತ ಮಗನ ಮೂಗು ಹಿಂಡಿ, ಮಕ್ಕಳು ಹಂಗೇ, ನಮ್ಮ ಕ್ಲಾಸಿನ ಹುಡುಗರಿಗೆ ಹತ್ತು ವರ್ಷವಾದರೂ ನಾನು ಕರೆದದ್ದು ಕೇಳುವುದಿಲ್ಲ ಅಂದ. ಆಕೆ ನಗಲಿಲ್ಲ. ಆತನಿಗೆ ಅದು ಗೊತ್ತಾಗಲಿಲ್ಲ.

ಗುಂಡಿನ ಬುಡಕ್ಕೆ ದೊಡ್ಡ ಬಾರು ಹಾರಿಸುವ ಹಿಂದಿನ ದಿನ ಗೋಪಮ್ಮ ಸಂತೆಗೆ ಹೋಗಿದ್ದಳು. ಬೂದೆಮ್ಮ ಕಟ್ಟೆಗೆ ಬಂದು ಕೂತಳು. ಕನಕಮ್ಮ ಚಹಾ ತಂದುಕೊಟ್ಟು ಹೊಸ್ತಿಲಲ್ಲೇ ನಿಂತಳು.

"ನಾಳಿ ಒಂದಿನ ನಮ್ಮ ಮನಿ ಬಿಟ್ಟು ಹೋಗು ಯವ್ವಾ" ಅಂದಳು.

ಬೂದೆಮ್ಮನಿಗೆ ತಿಳಿಯಲಿಲ್ಲ. ಎಲ್ಲಿಗೆ ಬಿಟ್ಟು ಹೋಗಬೇಕು ಅಂತ ಕೇಳಿದಳು.

"ನಮ್ಮ ಬಾಗಿಲಿಗೆ ಕೂಗಬ್ಯಾಡ. ಅತ್ತಿಗೆ ಗೊತ್ತಾಗೂದು ಬ್ಯಾಡ. ಬಾರು ಹಾರೂಮುಂದ ಕೂಸು ನನ್ನ ಕೈಯಾಗಿರಬೇಕು, ನಾ ಅದರ ಮಾರಿ ನೋಡಬೇಕು." ಆಕೆ ಒಳಗೆ ಮಲಗಿದ್ದ ಕೂಸಿನ ಕಡೆ ತಿರುಗಿದಳು. "ಅದಕ್ಕ ಕಿವಿ ಕೇಳಂಗಿಲ್ಲ ಅನಸ್ತದ."

ತಕಲಿ ನಿಂತಿತು. ಬೂದೆಮ್ಮನ ತುಟಿಯ ತುದಿಗೆ ನಗುವೊಂದು ಬಂದಿತ್ತು. ಎದುರಿಗಿದ್ದ ಮುಖ ನೋಡಿ ಅದನ್ನು ಚಹಾದ ಜೊತೆ ನುಂಗಿದಳು. ಆಮೇಲೆ ತಕಲಿಗೆ ಮತ್ತೆ ಎಳೆ ಸುತ್ತತೊಡಗಿದಳು. ಕನಕಮ್ಮನಿಗೆ, ಹೇಳಬಾರದಿತ್ತು, ಇನ್ನು ಇದು ಓಣಿಗೆಲ್ಲ ಹರಡುತ್ತದೆ ಅನ್ನಿಸತೊಡಗಿತು.

"ಒಂದು ಮನಿ ಬಿಟ್ಟು ಕೂಗಿದ್ರ ನಾ ಕೂಗಿದಂಗಲ್ಲ" ಅಂದಳು ಬೂದೆಮ್ಮ ಕೊನೆಗೆ. "ಅದು ನನ್ನ ಕಡಿಲಿಂದ ಆಗೂದಲ್ಲ, ಬ್ಯಾರೆ ಏನಾರ ಕೇಳು."

ಕನಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೇರೆ ಕೇಳುವುದು ಏನೂ ಇರಲಿಲ್ಲ.

ಬೂದೆಮ್ಮ ಓಣಿಯ ಆ ತುದಿ ಈ ತುದಿ ನೋಡಿದಳು. ದನಿ ತಗ್ಗಿಸಿದಳು. "ಒಬ್ಬರಿಗೆ ಮಾತು ಕೊಟ್ಟೀನಿ, ಬಾಯಿ ಬಿಡಂಗಿಲ್ಲ. ಆದ್ರ ನೀ ಹಿಂಗ ಅಳೂದು ನೋಡಾಕ ಆಗೂದಿಲ್ಲ. ನಾಳಿ ನಾ ಬಂದು ಓ ಅನ್ನಿಸಿಕೊಂಡು ಹೋದ ಮ್ಯಾಲೆ, ಅತ್ತಿ ಕೈಲಿಂದ ಕೂಸಿನ್ನ ನೀನಾ ತಗೋ. ಕುಲಾವಿ ಬಿಚ್ಚು. ಮುಂದ ನಾ ಅದೀನಿ."

"ಗಾಳಿ ಹೊಕ್ಕೀತು" ಅಂದಳು ಕನಕಮ್ಮ, ತಾನು ಏನು ಅನ್ನುತ್ತಿದ್ದೇನೆ ಅನ್ನುವುದೇ ಗೊತ್ತಿಲ್ಲದೆ.

"ಹೊಕ್ಕರ ಹೊಗಲಿ ಬಿಡು, ಆ ಕಡಿ ಕಿವಿಲಿಂದ ಹೊರಗ ಬರ್ತದ." ಬೂದೆಮ್ಮ ಕಪ್ಪು ಕೆಳಗಿಟ್ಟು ಎದ್ದಳು.

ಮರುದಿನ ಬೆಳಗಿನಿಂದಲೇ ಓಣಿಗೆ ಒಂದು ಕಳೆ ಬಂದಿತ್ತು. ದೊಡ್ಡ ಬಾರು ಅಂತ ಎಲ್ಲರಿಗೂ ಗೊತ್ತು. ಗುಂಡಿನ ಮೇಲೆ ಚೂರು ಹಾರದಂತೆ ಮರದ ದಿಮ್ಮಿ, ಹಸಿ ಟೊಂಗೆ, ತುಂಬಿದ ಮರಳಿನ ಚೀಲ ಪೇರಿಸಿದ್ದರು. ಹುಸೇನಪೀರ ಕಂಬಳಿ ತುಂಡಿನ ಮೇಲೆ ಇನ್ನೊಂದು ಮಡಿಕೆ ಹಾಸಿದ. ದುರುಗಮ್ಮ ಕೋಳಿಮರಿಗಳನ್ನೆಲ್ಲ ಬುಟ್ಟಿಯಡಿ ಕವುಚಿ, ಬುಟ್ಟಿಯ ಮೇಲೆ ತಾನೇ ಕೂತಳು ಅಂತ ಆಮೇಲೆ ತಿಳಿಯಿತು. ಗೋಪಮ್ಮ ಗೂಡಿನಲ್ಲಿದ್ದ ದೀಪದ ಕಂಬ ಇಳಿಸಿದಳು, ಗೋಡೆಯ ಮೇಲಿನ ಗಂಡನ ಫೋಟೋ ಇಳಿಸಿ ಹಾಸಿಗೆಯ ಮೇಲೆ ಮಲಗಿಸಿದಳು, ಹೊದಿಕೆಯನ್ನೂ ಹೊದಿಸಿದಳು.

ಬೂದೆಮ್ಮನ ದನಿ ಓಣಿಯ ಆ ತುದಿಯಿಂದ ಮನೆಮನೆಯ ಓ ಎತ್ತಿಕೊಳ್ಳುತ್ತ ಬಂತು. ಇವರ ಬಾಗಿಲಿಗೆ ಬಂದು ನಿಂತಿತು.

"ದೊಡ್ಡಪ್ಪಾ."

ಗಂಡನ ಹೆಸರು ನಡುಬೀದಿಯಲ್ಲಿ ಕೇಳಿ ಎಂದಿನಂತೆ ಗೋಪಮ್ಮ ಸೆರಗು ಸರಿಮಾಡಿಕೊಂಡಳು. "ಓ" ಅಂದಳು ಕನಕಮ್ಮ. ಬೂದೆಮ್ಮ ಆಕೆಯ ಕಣ್ಣನ್ನೊಮ್ಮೆ ನೋಡಿ, ಏನೂ ಆಗದವಳಂತೆ ಮುಂದೆ ಹೋದಳು.

ಗೋಪಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಆಚೆ ಕೋಣೆಗೆ ಹೋಗು ಅಂತ ಸೊಸೆಗೆ ಕಣ್ಣಿನಲ್ಲೇ ಹೇಳಿದಳು. ಕನಕಮ್ಮ ಹೋಗಲಿಲ್ಲ. ಬಂದು ಬಗ್ಗಿ, ಎರಡೂ ಕೈ ಹಾಕಿ ಕೂಸನ್ನು ಎತ್ತಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಕೈಯಿಂದ ಆಕೆ ಕೇಳದೆ ತೆಗೆದುಕೊಂಡ ಮೊದಲ ವಸ್ತು ಅದು. ಗೋಪಮ್ಮನ ಕೈ ಗಾಳಿಯಲ್ಲೇ ಉಳಿಯಿತು.

ಕುಲಾವಿಯ ಕಟ್ಟು ಗಂಟು ಬಿದ್ದಿತ್ತು. ಉಗುರಿಗೆ ಅದು ಸಿಗಲಿಲ್ಲ. "ಏ ಏ, ಅದ್ಯಾಕ ಬಿಚ್ಚಾಕತ್ತೀ" ಅಂತ ಗೋಪಮ್ಮ ಏಳುವಷ್ಟರಲ್ಲಿ ಕನಕಮ್ಮ ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸಿದ್ದಳು. ಕುಲಾವಿ ಹಿಂದಕ್ಕೆ ಸರಿಯಿತು.

ಆ ಎಳೆ ಕಿವಿಯೊಳಗೆ, ಹುಬ್ಬಿನ ಕೂದಲಿಗಿಂತ ನುಣುಪಾದ ಕರಿ ಉಣ್ಣೆಯ ಒಂದು ಉಂಡೆ. ಇನ್ನೊಂದು ಕಿವಿಯಲ್ಲಿ ಇನ್ನೊಂದು. ಒತ್ತಿ ತುರುಕಿದ್ದಲ್ಲ, ಗೂಡಿನಲ್ಲಿ ತತ್ತಿ ಇಟ್ಟಂತೆ ಹಗುರವಾಗಿ ಕೂರಿಸಿದ್ದು. ಕನಕಮ್ಮ ಎರಡನ್ನೂ ತೆಗೆದು ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಮುಖ ನೋಡಿದಳು.

ಗೋಪಮ್ಮ ಗೋಡೆ ನೋಡಿದಳು. ಅಲ್ಲಿ ಗಂಡನ ಫೋಟೋ ಇರಲಿಲ್ಲ.

"ಬೂದೆಮ್ಮ ಕೊಟ್ಟಳು" ಅಂದಳು. "ಎಳಿ ಮರಿ ಉಣ್ಣಿ, ಏಳು ನೀರಾಗ ತೊಳದದ್ದು. ನಿನಗ ಹೇಳಬ್ಯಾಡ ಅಂತ ನಾನಾ ಆಣಿ ಹಾಕಿಸಿದ್ದೆ. ಬಾರು ಯಾವಾಗ ಹಾರ್ತದೋ ಏನೋ ಅಂತ ಮುಂಜಾನಿ ಎರದ ಕೂಡ್ಲೆ ಇಡ್ತೀನಿ, ಸಂಜಿಕ ತಗೀತೀನಿ." ಸ್ವಲ್ಪ ತಡೆದು, ಗದ್ದ ಮೇಲೆತ್ತಿದಳು. "ಕಿವ್ಯಾಗ ಏನೂ ಇಡಬಾರದು ಅಂತ ಬುಕ್ಕದಾಗ ಬರದಾರ ಅಂದಿ. ಆ ಬುಕ್ಕ ಬರದವ್ರ ಮನಿ ಹಿಂದ ಬಾರು ಹಾರತಿದ್ವೇನು?"

ಹಗಲು ಪೂರ್ತಿ ಉಣ್ಣೆ ಇತ್ತು. ಗಿಲಕಿಗೆ ತಿರುಗದ್ದು, ತಟ್ಟೆಗೆ ಬೆಚ್ಚದ್ದು ಅದಕ್ಕೇ. ಅಥವಾ ಅದಕ್ಕೇ ಅಲ್ಲ. ಉಣ್ಣೆಯ ಹಿಂದೆ ಕಿವಿ ಇದೆಯೋ ಇಲ್ಲವೋ ಅನ್ನುವುದು ಇನ್ನೂ ತಿಳಿದಂತಾಗಲಿಲ್ಲ. ಕನಕಮ್ಮನ ಅಂಗೈಯಲ್ಲಿ ಎರಡು ಉಂಡೆ ಇದ್ದವು, ಹೊರಗೆ ದೊಡ್ಡ ಬಾರು ಕಾಯುತ್ತಿತ್ತು. ಹೀಗೇ ಬಿಟ್ಟರೆ ಇನ್ನೊಂದು ಗಳಿಗೆಯಲ್ಲಿ ಗೊತ್ತಾಗಿಬಿಡುತ್ತದೆ. ಆದರೆ ಕೇಳುವ ಕಿವಿಯಾಗಿದ್ದರೆ, ಗೊತ್ತು ಮಾಡಿಕೊಳ್ಳಲು ಹೋಗಿಯೇ ಅದನ್ನು ಕೆಡಿಸಿದರೆ? ಇಷ್ಟು ದಿನ ಬೇಕು ಬೇಕು ಅಂದ ಪರೀಕ್ಷೆ ಕೈಗೆ ಬಂದು ನಿಂತಾಗ ಆಕೆಗೆ ಅದು ಬೇಡವಾಯಿತು. ಕೇಳದಿದ್ದರೆ ಕೇಳದಿರಲಿ, ಬೆರಳಿನಲ್ಲೇ ಮಾತಾಡಿಸುತ್ತೇನೆ ಅಂದುಕೊಂಡು, ಒಂದು ಉಂಡೆಯನ್ನು ಮತ್ತೆ ಕಿವಿಗಿಡಲು ಎರಡು ಬೆರಳಲ್ಲಿ ಹಿಡಿದಳು.

ಅಷ್ಟರಲ್ಲಿ ಕಡೆಯ ಕೂಗು ಬರಬೇಕಿತ್ತು. ಬರಲಿಲ್ಲ. ದಿಬ್ಬದ ಮೇಲೆ ಇರಬೇಕಾದವಳು ಅಲ್ಲಿರಲಿಲ್ಲ. ಮದ್ದಿಗೆ ಬೆಂಕಿ ಕೊಡುವವನು ಕಡ್ಡಿ ಕೈಯಲ್ಲಿ ಹಿಡಿದೇ ನಿಂತಿದ್ದನಂತೆ, ಅಲ್ಲಾಉದ್ದೀನ್ ದಿಬ್ಬ ನೋಡಿ ನೋಡಿ ಕುತ್ತಿಗೆ ಉಳುಕಿಸಿಕೊಂಡನಂತೆ. ಬೂದೆಮ್ಮ ಗೋಪಮ್ಮನ ಮನೆಯ ಹಿಂದಿನ ಗೋಡೆಯ ಆಚೆ ನಿಂತಿದ್ದಳು. ಅಲ್ಲಿಂದ, ಹಿಂಡು ತಿರುಗಿಸುವ ದನಿಯಲ್ಲಿ ಅಲ್ಲ, ಗುಂಪಿನಿಂದ ತಪ್ಪಿದ ಒಂದೇ ಒಂದು ಮರಿಯನ್ನು ಕರೆಯುವ ದನಿಯಲ್ಲಿ, ಮೆತ್ತಗೆ, ಎಳೆದು ಕರೆದಳು.

"ದೊಡ್ಡಪ್ಪಾ... ಓ ದೊಡ್ಡಪ್ಪಾ..."

ಕನಕಮ್ಮನ ಭುಜಕ್ಕೆ ಗಲ್ಲ ಒತ್ತಿ ಮಲಗಿದ್ದ ಕೂಸು ತಲೆ ಎತ್ತಿತು. ಆ ತಲೆ ಇನ್ನೂ ಕುತ್ತಿಗೆಯ ಮೇಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಆ ಕಡೆ ಈ ಕಡೆ ಓಲಾಡಿತು. ಓಲಾಡುತ್ತಲೇ ಹಿಂದಿನ ಗೋಡೆಯ ಕಡೆ ತಿರುಗಿತು. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕೂಸು ಹುಬ್ಬು ಗಂಟಿಕ್ಕಿ, ಬಾಯಿ ತೆರೆದು, ಗೋಡೆಯನ್ನೇ ನೋಡಿತು. ಕೂಗು ಇನ್ನೊಮ್ಮೆ ಬಂತು. ಕೂಸು ಊಂ ಅಂತು.

ಕನಕಮ್ಮ ನೆಲಕ್ಕೆ ಕೂತುಬಿಟ್ಟಳು. ಅಳುವೋ ನಗುವೋ, ಎರಡೂ ಒಂದೇ ಬಾಯಿಂದ ಬರಲು ಹೋಗಿ ಬಿಕ್ಕಳಿಕೆ ಬಂತು. ಸೊಸೆಗೆ ಏನೋ ಆಯಿತು ಅಂತ ಗೋಪಮ್ಮ ನೀರು ತರಲು ಎದ್ದಳು. "ಅತ್ತೀ, ಇವನಿಗೆ ಕೇಳ್ತದ" ಅಂದಳು ಕನಕಮ್ಮ. ಗೋಪಮ್ಮ ತಂಬಿಗೆ ಹಿಡಿದು ಅಲ್ಲೇ ನಿಂತಳು. ಸೊಸೆ ಇಷ್ಟು ದಿನ ಗಿಲಕಿ ಅಲ್ಲಾಡಿಸಿದ್ದು, ತಟ್ಟೆ ಬೀಳಿಸಿದ್ದು, ಉಣ್ಣಲು ಕೂತು ತುತ್ತು ಬಿಟ್ಟಿದ್ದು, ಎಲ್ಲ ಆಕೆಯ ಮುಖದ ಮೇಲೆ ಒಂದೊಂದಾಗಿ ಬಂದು ಹೋದವು.

"ನನ್ನ ಬಾಯಿಗೆ ಮಣ್ಣ ಹಾಕಲಿ" ಅಂದಳು ಗೋಪಮ್ಮ. "ಒಂದು ಮಾತು ಕೇಳಬಾರದೇನು ಹುಚ್ಚಿ."

"ಒಂದು ಮಾತು ಹೇಳಬಾರದೇನು ನೀವು."

ಆಗ ದಿಬ್ಬದ ಮೇಲಿನಿಂದ ಕಡೆಯ ಕೂಗು, ಇಡೀ ಹಿಂಡನ್ನು ತಿರುಗಿಸುವಂಥದ್ದು, ಬಂತು. ಇನ್ನು ಮಾತಿಗೆ ಹೊತ್ತಿರಲಿಲ್ಲ. ಕನಕಮ್ಮ ಉಣ್ಣೆಯ ಉಂಡೆಗಳನ್ನು ತಾನೇ, ಒಂದಾದ ಮೇಲೊಂದು, ಅತ್ತೆ ಇಟ್ಟಷ್ಟೇ ಹಗುರವಾಗಿ ಕೂಸಿನ ಕಿವಿಯಲ್ಲಿ ಕೂರಿಸಿದಳು. ಮೇಲೆ ಎರಡೂ ಅಂಗೈ ಮುಚ್ಚಿದಳು. ತನ್ನ ಕಿವಿ ಮುಚ್ಚಿಕೊಳ್ಳಲು ಆಕೆಗೆ ಕೈ ಉಳಿದಿರಲಿಲ್ಲ. ಗೋಪಮ್ಮ ಹಿಂದಿನಿಂದ ಬಂದು ಕೂತು, ತನ್ನ ಒರಟು ಕೈಗಳಿಂದ ಸೊಸೆಯ ಕಿವಿ ಮುಚ್ಚಿದಳು. ಗೋಪಮ್ಮನ ಕಿವಿ ಮುಚ್ಚುವವರು ಹಾಸಿಗೆಯ ಮೇಲೆ ಹೊದ್ದು ಮಲಗಿದ್ದರು.

ನೆಲ ಒಮ್ಮೆ ಎದ್ದು ಕೂತಿತು. ತೊಲೆಯಿಂದ ಮಣ್ಣು ಉದುರಿತು. ಕೂಸು ತಾಯಿಯ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಹಿಡಿಯಲು ಕೈ ಚಾಚುತ್ತಿತ್ತು.

ಕಲ್ಲಿನ ಧೂಳು ತಗ್ಗಿದ ಮೇಲೆ ಬೂದೆಮ್ಮ ಕಟ್ಟೆಗೆ ಬಂದಳು. ಅಲ್ಲಾಉದ್ದೀನ್ ಆಕೆಯನ್ನು ಬೈದಿದ್ದನೇನೋ, ಆಕೆ ಹೇಳಲಿಲ್ಲ. ಗೋಪಮ್ಮ ಒಳಗಿನಿಂದಲೇ, ಆಣಿ ಮುರಿದವಳೇ ಅಂತ ಗದರಿದಳು. ನಾನು ಬಾಯಿಬಿಟ್ಟು ಅಂದದ್ದು ನಿನ್ನ ಗಂಡನ ಹೆಸರೊಂದೇ, ಅದಕ್ಕೂ ಆಣಿ ಹಾಕಿಸಿದ್ದೆಯೇನು ಅಂತ ಬೂದೆಮ್ಮ ಕೇಳಿದಳು. ಕನಕಮ್ಮ ಚಹಾ ತಂದಳು. ಅಂದು ಬೂದೆಮ್ಮ ಎಷ್ಟು ಕಪ್ಪು ಕುಡಿದಳೋ ಯಾರೂ ನೋಡಲಿಲ್ಲ.

ಗುಂಡು ಕರಗಿತು. ಅದರ ಜಲ್ಲಿಯೇ ಹೊಸ ಹಳಿಯ ಅಡಿಗೆ ಬಿತ್ತು. ಮಣ್ಣು ಒಗೆದರು, ದಂಡೆ ಕಟ್ಟಿದರು, ಮುಂದಿನ ಬಂಡೆಗೆ ಹೋದರು, ಮಳೆಗಾಲ ಬಂತು ಅಂತ ನಿಂತರು, ಮತ್ತೆ ಶುರು ಮಾಡಿದರು. ಅಷ್ಟು ದಿನವೂ ಓಣಿ ಬೂದೆಮ್ಮನ ಕೈಯಲ್ಲೇ ಇತ್ತು. ಕನಕಮ್ಮನ ದಿಗಿಲೇನೂ ಪೂರ್ತಿ ಹೋಗಲಿಲ್ಲ. ಕಿವಿಯದು ಮುಗಿದರೆ ಹಲ್ಲಿನದು, ಹಲ್ಲು ಬಂದರೆ ನಡಿಗೆಯದು. ಒಂದೊಂದನ್ನೂ ಆಕೆ ಈಗ ಅತ್ತೆಗೇ ಮೊದಲು ಹೇಳುತ್ತಿದ್ದಳು. ಗೋಪಮ್ಮ ಕೇಳಿ ಕೇಳಿ, ಮೊದಲೇ ಚೊಲೊ ಇತ್ತು, ನೀನು ಒಳಗೊಳಗೇ ಕೊರಗುತ್ತಿದ್ದೆ, ನಾನು ನಿದ್ದೆ ಮಾಡುತ್ತಿದ್ದೆ ಅನ್ನುವಳು.

ಹೊಸ ಹಳಿಯ ಮೇಲೆ ಮೊದಲ ಗಾಡಿ ಹೋಗುವಷ್ಟರಲ್ಲಿ ದೊಡ್ಡಪ್ಪ ಹೊಸ್ತಿಲು ಹಿಡಿದು ನಿಲ್ಲುವಷ್ಟು ದೊಡ್ಡವನಾಗಿದ್ದ. ಓ ಅನ್ನುವ ಹೊಣೆ ಈಗ ಅವನದೇ. ದೊಡ್ಡವರು ಯಾರು ಅಂದರೂ ಬೂದೆಮ್ಮ ಒಪ್ಪುತ್ತಿರಲಿಲ್ಲ.

ಆಕೆಯ ಕೆಲಸ ಮುಗಿದಿತ್ತು. ಪರಮಣ್ಣನ ಗುಂಪು ದೇವದುರ್ಗದ ಕಡೆ ರಸ್ತೆ ಕೆಲಸಕ್ಕೆ ಹೊರಟಿತ್ತು. ಹೊರಡುವ ದಿನ ಬೂದೆಮ್ಮ ತಲೆಯ ಮೇಲೆ ಗಂಟು ಹೊತ್ತು, ಓಣಿಯ ಆ ತುದಿಯಿಂದ ಎಂದಿನಂತೆ ಒಂದೊಂದೇ ಬಾಗಿಲಿಗೆ ನಿಂತು ಚಿಕ್ಕವರ ಹೆಸರು ಕೂಗುತ್ತ ಬಂದಳು. ಹೋಗಿ ಬರುತ್ತೇನೆ ಅಂತ ಹೇಳುವುದಕ್ಕೆ. ಓಣಿಗೆ ಅದು ತಿಳಿಯಲಿಲ್ಲ. ಹುಸೇನಪೀರ ಗಡಿಯಾರದ ಮೇಲೆ ಬೋಗುಣಿ ಕವುಚಿದ. ದುರುಗಮ್ಮ ಕೋಳಿ ಅಟ್ಟಿಕೊಂಡು ಒಳಗೆ ಓಡಿದಳು. ಗೋಪಮ್ಮ ಗಂಡನ ಫೋಟೋಗೆ ಕೈ ಹಾಕಿ ಆಗಲೇ ಅರ್ಧ ಇಳಿಸಿದ್ದಳು.

"ದೊಡ್ಡಪ್ಪಾ" ಅಂದಳು ಬೂದೆಮ್ಮ, ಬಾಗಿಲಲ್ಲಿ.

ಅವನು ತಪ್ಪುಹೆಜ್ಜೆ ಇಡುತ್ತ ಹೊಸ್ತಿಲಿಗೆ ಬಂದ. ತನ್ನ ಎರಡೂ ತೋರುಬೆರಳನ್ನು ತನ್ನ ಎರಡೂ ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಓಣಿಗೆಲ್ಲ ಕೇಳುವ ಹಾಗೆ ಓ ಅಂದ. ಬೂದೆಮ್ಮ ಗಂಟು ಇಳಿಸಿ ಅವನ ಮುಂದೆ ಕೂತು, ಊರಿಗೆ ಹೋಗುತ್ತೇನಪ್ಪಾ ಅಂತ ಏನೇನೋ ಹೇಳಿದಳು. ಅವನು ಬೆರಳು ತೆಗೆಯಲೇ ಇಲ್ಲ. ಬಾರು ಇನ್ನೂ ಹಾರಿರಲಿಲ್ಲವಲ್ಲ. ಕೊನೆಗೆ ಆಕೆ ಅವನ ಮುಚ್ಚಿದ ಕಣ್ಣುಗಳಿಗೆ ಒಂದೊಂದು ಮುತ್ತು ಕೊಟ್ಟು, ಸೊಂಟದ ಉಣ್ಣೆಯಿಂದ ಒಂದು ಹಿಡಿ ಕಿತ್ತು ಕನಕಮ್ಮನ ಕೈಗಿಟ್ಟು, ಗಂಟು ಎತ್ತಿಕೊಂಡಳು. ಅವನು ಹಾಗೆಯೇ, ಕಿವಿಗೆ ಬೆರಳಿಟ್ಟುಕೊಂಡು, ಕಾಯುತ್ತ ನಿಂತಿದ್ದ.